ಹತ್ತಿರ ಅಂದ್ರೆ ಎಷ್ಟು ಹತ್ತಿರ?

ಬೆಂಗಳೂರಿನ ಗೆಳೆಯರು ಬರೆಯೋದನ್ನ ಓದ್ತಾ ಇರ್ತೀನಿ. ಮನೆ ಪಕ್ಕ ಪಬ್ ಬಂತು, ಎದುರಿನ ಹಳೇ ಬಂಗಲೆ ಷೋರೂಂ ಆಯ್ತು, ರಾತ್ರಿ ನಿದ್ದೆ ಇಲ್ಲ, ಗೇಟಿನ ಮುಂದೆ ಯಾರೋ ಕಾರು ನಿಲ್ಲಿಸಿ ಹೋಗ್ತಾರೆ... ಸಂಕಟ ಖರೆನೇ. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೂ ಸಾಲ ಮಾಡಿ ಎನ್‌ಎ ಪ್ಲಾಟ್ ತಗೊಂಡು ಮನೆ ಕಟ್ಟಿಸಿದವರ ಬಗಲಿಗೇ ಕಲ್ಯಾಣ ಮಂಟಪ ಎದ್ದರೆ ಇದೇ ಗೋಳು. ಆದರೆ ವಿಜಯಪುರ ಜಿಲ್ಲೆಯಲ್ಲಿ "ಮನೆ ಹತ್ತಿರ ಏನೋ ಬಂತು" ಅಂದಾಗ ನನಗೆ ಮೊದಲು ನೆನಪಾಗೋದು ಪಬ್ಬೂ ಅಲ್ಲ, ಮಂಟಪವೂ ಅಲ್ಲ. ಕೂಡಗಿಯ ಚಿಮಣಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿ, ಮಸೂತಿ, ತೆಲಗಿ ಸುತ್ತಿನ ಹೊಲಗಳ ಮೇಲೆ ಎನ್‌ಟಿಪಿಸಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಎದ್ದಿದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್. ಕಲ್ಲಿದ್ದಲು ರೈಲಿನಲ್ಲಿ ಬರುತ್ತೆ, ನೀರು ಆಲಮಟ್ಟಿ ಹಿನ್ನೀರಿನಿಂದ. ಇದೇ ಆಲಮಟ್ಟಿಗೆ ಊರು, ಹೊಲ ಬಿಟ್ಟುಕೊಟ್ಟ ಜನ ಇದೇ ಸೀಮೆಯವರು ಅನ್ನೋದನ್ನ ಮರೀಬೇಡಿ. ಒಂದು ಸಲ ನೀರಿಗೆ, ಇನ್ನೊಂದು ಸಲ ಬೆಂಕಿಗೆ.

ಮೊದಲೇ ಹೇಳಿಬಿಡ್ತೀನಿ, ನಾನು ಕರೆಂಟ್ ಬೇಡ ಅನ್ನೋನಲ್ಲ. ರಾತ್ರಿ ಎರಡು ಗಂಟೆಗೆ ಪಂಪ್‌ಸೆಟ್ ಚಾಲೂ ಮಾಡೋಕೆ ಹೊಲಕ್ಕೆ ಹೋಗಬೇಕಾದ ಸೀಮೆಯವರು ಅಂಥ ಮಾತು ಆಡೋಕಾಗಲ್ಲ. ನನ್ನ ತಕರಾರು ಬೇರೆ.

ಕೇಂದ್ರ ಪರಿಸರ ಇಲಾಖೆ 1987ರಲ್ಲಿ ಇಂಥ ಸ್ಥಾವರಗಳನ್ನ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅಂತ ಮಾರ್ಗಸೂಚಿ ಮಾಡಿತ್ತು. ಮಹಾನಗರದ ಹೊರ ಅಂಚಿನಿಂದ 25 ಕಿಲೋಮೀಟರ್ ಒಳಗೆ ಬೇಡ ಅಂತ ಅದರಲ್ಲಿತ್ತು. ಫಲವತ್ತಾದ ಕೃಷಿ ಭೂಮಿಯನ್ನ ಸ್ಥಾವರಕ್ಕಾಗಲಿ, ಬೂದಿ ಸುರಿಯೋಕಾಗಲಿ ಬಳಸಬಾರದು ಅಂತಲೂ ಇತ್ತು. ಮೊದಲನೇ ಮಾತಿಗೆ ಅಳತೆ ಇದೆ, ಟೇಪ್ ಹಿಡಿದು ನೋಡಬಹುದು. ಎರಡನೇದಕ್ಕೆ ಏನಿದೆ? "ಫಲವತ್ತಾದ" ಅನ್ನೋ ಒಂದು ಶಬ್ದ. ಹೊಲವನ್ನ ಕಾಗದದ ಮೇಲೆ ಬಂಜರು ಅಂತ ಬರೆದರೆ ಮುಗೀತು.

ಕೂಡಗಿಯಲ್ಲಿ ತಂಟೆ ಬಂದಿದ್ದೂ ಇಲ್ಲೇ. 2012ರ ಜನವರಿಯಲ್ಲಿ ಪರಿಸರ ಅನುಮತಿ ಸಿಕ್ಕಿತು. ಜಮೀನಿನ ಬಗ್ಗೆ ಕೊಟ್ಟ ಮಾಹಿತಿ ಸರಿ ಇಲ್ಲ, ಇದು ಬೆಳೆ ಬರೋ ಭೂಮಿ ಅಂತ ಹಸಿರು ನ್ಯಾಯಮಂಡಳಿಗೆ ಅಪೀಲು ಹೋಯ್ತು. 2014ರ ಮಾರ್ಚಿನಲ್ಲಿ ನ್ಯಾಯಮಂಡಳಿ ಆ ಅನುಮತಿಯನ್ನ ತಡೆಹಿಡಿದು, ತಜ್ಞರ ಸಮಿತಿ ಮತ್ತೊಮ್ಮೆ ಪರಿಶೀಲಿಸಲಿ ಅಂತ ಹೇಳಿತು. ಅಂದರೆ ಹಳ್ಳಿಯವರ ಮಾತಿನಲ್ಲಿ ಹುರುಳಿತ್ತು ಅಂತಾಯ್ತಲ್ಲ? ಅದೇ ವರ್ಷ ಜುಲೈನಲ್ಲಿ ಸ್ಥಾವರದ ಹತ್ತಿರ ಪ್ರತಿಭಟನೆಗೆ ಕೂಡಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. 2017, 2018ರಲ್ಲಿ ಒಂದೊಂದಾಗಿ ಘಟಕಗಳು ಚಾಲೂ ಆದವು. ಮಾರ್ಚಿನ ಆದೇಶ ಈಗ ಎಷ್ಟು ಮಂದಿಗೆ ನೆನಪಿದೆಯೋ!

ಬೂದಿಯ ಲೆಕ್ಕ ನೋಡಿ. ಒಂದು ಯೂನಿಟ್ ಕರೆಂಟಿಗೆ ಸುಮಾರು 600 ಗ್ರಾಂ ಕಲ್ಲಿದ್ದಲು ಅಂತ ಹಿಡಿಯೋಣ. ಮೂರೂ ಘಟಕ ಇಡೀ ದಿನ ಪೂರ್ತಿ ಓಡಿದರೆ 5 ಕೋಟಿ 76 ಲಕ್ಷ ಯೂನಿಟ್, ಸುಟ್ಟ ಕಲ್ಲಿದ್ದಲು 34 ಸಾವಿರ ಟನ್ನಿನ ಮೇಲೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿ. ದಿನಕ್ಕೆ ಹತ್ತು ಸಾವಿರ ಟನ್ ದಾಟುತ್ತೆ! ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತೆ ಅಂತಾರೆ, ಹೋಗಲಿ. ಆದರೆ ಬೇಸಿಗೆಯಲ್ಲಿ ನಮ್ಮ ಕಡೆ ಬೀಸೋ ಗಾಳಿ ಯಾರ ಪರವಾನಗಿಯನ್ನೂ ಕೇಳಲ್ಲ. ಬಿಳಿಜೋಳದ ತೆನೆ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ದನ ಮೇಯೋ ಕಣಿಕೆ ಮೇಲೆ ಏನು ಕೂರುತ್ತೆ ಅನ್ನೋ ಚಿಂತೆಯನ್ನ ಹುಂಬರ ಮಾತು ಅಂತ ತಳ್ಳಿಹಾಕೋದು ಹೇಗೆ?

ಇನ್ನೂ ಒಂದಿದೆ. ಚಿಮಣಿಯಿಂದ ಬರೋ ಗಂಧಕದ ಹೊಗೆಗೆ ಮಿತಿ ಹಾಕಿ 2015ರ ಡಿಸೆಂಬರಿನಲ್ಲಿ ನಿಯಮ ಬಂತು. ಗಡುವು ಮುಂದೆ ಮುಂದೆ ಹೋಯ್ತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ, ಚಿಮಣಿ ಸಾಕಷ್ಟು ಎತ್ತರ ಇದ್ದರೆ ಸಾಕು ಅಂತ. ದೆಹಲಿ ವಲಯ ಅಥವಾ 10 ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರದ 10 ಕಿಲೋಮೀಟರ್ ಒಳಗಿದ್ದರೆ ಮಾತ್ರ ನಿಯಮ ಕಡ್ಡಾಯ. ಗಾಳಿ ಕೆಟ್ಟಿದೆ ಅಂತ ಗುರುತಿಸಿದ ಊರುಗಳ ಹತ್ತಿರದವನ್ನ ಒಂದೊಂದಾಗಿ ನೋಡಿ ತೀರ್ಮಾನಿಸ್ತಾರೆ. ಹತ್ತು ಲಕ್ಷ ಜನರ ಊರು ನಮ್ಮ ಜಿಲ್ಲೆಯಲ್ಲಿ ಎಲ್ಲಿಂದ ತರೋಣ? ವಿಜಯಪುರ ಪಟ್ಟಣದ್ದೇ 2011ರ ಗಣತಿಯಲ್ಲಿ ಮೂರು ಲಕ್ಷ ಚಿಲ್ಲರೆ. ಮಸೂತಿಯ ಮುದುಕಿಯ ಕೆಮ್ಮು ಈ ಲೆಕ್ಕದೊಳಗೆ ಬರೋದೇ ಇಲ್ಲ.

ಇಂದಿರಾನಗರದವರಿಗೆ ವಕೀಲರಿದ್ದಾರೆ, ಇಂಗ್ಲಿಷ್ ಪತ್ರಿಕೆಗಳಿವೆ ಅಂತ ಹೊಟ್ಟೆಕಿಚ್ಚಿನಿಂದ ಹೇಳ್ತಿಲ್ಲ. ಇದ್ದೂ ಅವರು ಪಾಡು ಪಡ್ತಿದ್ದಾರೆ. ಆದರೆ ಅವರಿಗೆ ಕಾಗದ ಓದೋಕಾದರೂ ಬರುತ್ತೆ. 2006ರ ನಿಯಮದಂತೆ ಇಂಥ ಯೋಜನೆಯ ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಕನ್ನಡದಲ್ಲಿ ಕೊಡಬೇಕಾದ್ದು ಸಾರಾಂಶ ಮಾತ್ರ. ನೂರಾರು ಪುಟದ ಪೂರ್ತಿ ವರದಿ ಇಂಗ್ಲಿಷ್. ಗಾಳಿ ಯಾವ ದಿಕ್ಕಿಗೆ ಬೀಸುತ್ತೆ, ಬೂದಿ ಹೊಂಡ ಎಲ್ಲಿ, ಯಾರ ಬಾವಿ ಎಷ್ಟು ದೂರ, ಎಲ್ಲಾ ಅದರಲ್ಲಿ. 2020ರಲ್ಲಿ ಈ ನಿಯಮವನ್ನೇ ಬದಲಿಸೋ ಕರಡು ಬಂದಾಗ, ಕನ್ನಡದಲ್ಲಿ ಪ್ರಚಾರ ಆಗಿಲ್ಲ ಅಂತ ನಮ್ಮ ಹೈಕೋರ್ಟೇ ಅದನ್ನ ಅಂತಿಮಗೊಳಿಸದಂತೆ ತಡೆದಿತ್ತು. ಕನ್ನಡ ಕನ್ನಡ ಅಂತ ನಾವೆಲ್ಲ ಬರೀತೀವಲ್ಲ, ಅಂಗಡಿ ಬೋರ್ಡಿನ ಜಗಳಕ್ಕಿಂತ ಇದು ದೊಡ್ಡದು ಅನ್ನಿಸಲ್ವಾ?

ಗಾಳಿಯ ಅಳತೆಯನ್ನ ಸ್ಥಾವರದ ಗೇಟಿನಲ್ಲಲ್ಲ, ಕೂಡಗಿ, ಮಸೂತಿ, ತೆಲಗಿ, ಗೊಳಸಂಗಿಯ ಪಂಚಾಯ್ತಿ ಕಟ್ಟೆ ಮೇಲೆ ಕನ್ನಡದ ಅಂಕಿಯಲ್ಲಿ ದಿನಾ ಹಾಕಲಿ. ಬಾವಿ ನೀರಿನ ಪರೀಕ್ಷೆಯ ಫಲಿತಾಂಶ ಬಾವಿಯವನ ಕೈಗೇ ಕೊಡಲಿ. ಮೂಲ ಯೋಜನೆ ಇದ್ದದ್ದು 4000 ಮೆಗಾವ್ಯಾಟಿಗೆ. ಉಳಿದ 1600ರ ಕಡತ ಮತ್ತೆ ಮೇಲೆದ್ದರೆ ಅಹವಾಲು ಸಭೆ ನಡೆಯುತ್ತೆ, ಅದಕ್ಕೆ ಮುಂಚೆ 30 ದಿನದ ನೋಟಿಸು ಇರುತ್ತೆ. ವರದಿಯ ಬೂದಿ ಮತ್ತು ನೀರಿನ ಅಧ್ಯಾಯಗಳನ್ನಾದರೂ ಅಷ್ಟರೊಳಗೆ ಕನ್ನಡಕ್ಕೆ ತರಬೇಕು. ಒಂದು ಅಧ್ಯಾಯ ನನ್ನದು. ಇನ್ನೊಂದಕ್ಕೆ ಯಾರು ಕೈ ಹಾಕ್ತೀರಿ?