ಕಪ್ಪು ಬಟ್ಟೆಯ ವ್ಯಾಪಾರ

ಕಳೆದ ಈದ್‌ನಂದು ಅರೇಹಳ್ಳಿಯಲ್ಲಿ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಹಿರಿಯರೊಬ್ಬರು ಹದಿಹರೆಯದ ಹುಡುಗನನ್ನು ತಡೆದು ನಿಲ್ಲಿಸಿದರು. ಅವನ ಕಪ್ಪು ಟೀ ಶರ್ಟಿನ ಎದೆಯ ಮೇಲೆ ತಲೆಬುರುಡೆಯ ಚಿತ್ರ, ಬೆರಳಿನಲ್ಲಿ ಅದೇ ಆಕಾರದ ಉಂಗುರ. "ಇದು ಶೈತಾನನ ವೇಷ" ಎಂದು ಎಲ್ಲರೆದುರು ಗದರಿದರು. ಚಿತ್ರವಿರುವ ಬಟ್ಟೆ ನಮಾಝಿಗೆ ಸಲ್ಲದೆಂಬುದು ಬೇರೆ ಮಾತು. ಅದನ್ನು ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಬಹುದಿತ್ತು. ಹಾಸನದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ ಹುಡುಗನಿಗೆ ಆ ಬುರುಡೆ ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ. ಗದರಿದವರಿಗೂ ತಿಳಿದಿರಲಿಲ್ಲ.

ಅದು ಬಂದದ್ದು ಬ್ರಿಟನ್ನಿನಿಂದ. 1982ರ ಆರಂಭದಲ್ಲಿ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಭವಿಷ್ಯದ ಭರವಸೆ ಕಳೆದುಕೊಂಡ ಯುವಕರ ಒಂದು ಗುಂಪು ಬೌಹಾಸ್, ಸೂಕ್ಸಿ ಆಂಡ್ ದ ಬ್ಯಾನ್‌ಷೀಸ್ ಮೊದಲಾದ ತಂಡಗಳ ಮಂಕು ಸಂಗೀತದ ಸುತ್ತ ಸೇರಿತು. ಅದೇ ವರ್ಷ ಲಂಡನ್ನಿನ ಸೋಹೋದಲ್ಲಿ 'ಬ್ಯಾಟ್‌ಕೇವ್' ಎಂಬ ಕ್ಲಬ್ ತೆರೆಯಿತು. ಆ ಯುವಕರು ಕಪ್ಪುಡುಪನ್ನು ಸ್ವಲ್ಪಮಟ್ಟಿಗೆ ತಮ್ಮದೇ ದೇಶದ ಶೋಕಾಚರಣೆಯಿಂದ ಎರವಲು ಪಡೆದರು. 1861ರಲ್ಲಿ ಪತಿಯನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಉಡುಪನ್ನು ಬಿಡಲಿಲ್ಲ. ಗೋಥಿಕ್ ವೇಷದ ಮೂಲದಲ್ಲಿ ಶೈತಾನನಿಗಿಂತ ದುಃಖವೇ ಹೆಚ್ಚು.

ಆ ದುಃಖಕ್ಕೆ ಬೆಲೆ ಚೀಟಿ ಅಂಟಿಸಿದ್ದು ಮಾರುಕಟ್ಟೆ. ಅಂಗಡಿಯಲ್ಲಿ ಸಿಗದೆ ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದ ಉಡುಪನ್ನು 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ 'ಹಾಟ್ ಟಾಪಿಕ್' ಮಳಿಗೆಗಳು ಮಾಲ್‌ಗಳಿಗೆ ತಂದವು. ಅಲೆಕ್ಸಾಂಡರ್ ಮೆಕ್ವೀನ್‌ನಂತಹ ವಿನ್ಯಾಸಕಾರರು ಬುರುಡೆಯನ್ನು ರೇಷ್ಮೆಯ ಶಾಲಿನ ಮೇಲೆ ಮುದ್ರಿಸಿ ಸಿರಿವಂತರಿಗೆ ಮಾರಿದರು. 2022ರಲ್ಲಿ ನೆಟ್‌ಫ್ಲಿಕ್ಸ್‌ನ 'ವೆನ್ಸ್‌ಡೇ' ಧಾರಾವಾಹಿ ಕಪ್ಪುಡುಪಿನ ಹುಡುಗಿಯೊಬ್ಬಳನ್ನು ಜಗತ್ತಿನ ಮೊಬೈಲುಗಳಿಗೆಲ್ಲ ತಲುಪಿಸಿತು. ಕಾಫಿ ತೋಟಗಳ ನಡುವಿನ ನಮ್ಮೂರು ಅದಕ್ಕೆ ಹೊರತಾಗುವುದಾದರೂ ಹೇಗೆ?

ಗದರುವವರು ಇನ್ನೊಂದು ಘಟನೆಯನ್ನೂ ತಿಳಿಯಬೇಕು. 2007ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬೇಕಪ್ ಪಟ್ಟಣದ ಉದ್ಯಾನವೊಂದರಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ ಇಪ್ಪತ್ತರ ಯುವತಿಯನ್ನು ಹುಡುಗರ ಗುಂಪು ತುಳಿದು ಹಾಕಿತು. ಅವಳು ಬದುಕುಳಿಯಲಿಲ್ಲ. ಗೋಥಿಕ್ ವೇಷ ಧರಿಸಿದ್ದೇ ಅವಳ ಅಪರಾಧ. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂತಹ ಹಲ್ಲೆಗಳನ್ನು ದ್ವೇಷಾಪರಾಧವೆಂದು ದಾಖಲಿಸಲಾರಂಭಿಸಿದರು. 2022ರ ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ ನಮ್ಮ ಹೆಣ್ಣುಮಕ್ಕಳು ಒಂದು ತುಂಡು ಬಟ್ಟೆಗಾಗಿ ಕಾಲೇಜು ಗೇಟಿನ ಹೊರಗೆ ನಿಂತದ್ದನ್ನು ಕಂಡವರು ನಾವು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಉಡುಪಿನಿಂದ ಮನುಷ್ಯನ ಒಳಗನ್ನು ಅಳೆಯಬಾರದೆಂದು ಅಂದು ವಾದಿಸಿದ ನಾವೇ ಮಸೀದಿಯ ಬಾಗಿಲಲ್ಲಿ ಒಬ್ಬ ಹುಡುಗನನ್ನು ಅದೇ ಅಳತೆಗೋಲಿನಿಂದ ಅಳೆಯುವುದು ಯಾವ ನ್ಯಾಯ?

ಇನ್ನು ನಮ್ಮ ಕಪ್ಪು ಬಟ್ಟೆಯ ಕಥೆ. 2016ರ ಜನವರಿಯಲ್ಲಿ ಇಟಲಿಯ ಡೋಲ್ಚೆ ಆಂಡ್ ಗಬ್ಬಾನಾ ಅಬಾಯಾ ಮತ್ತು ಹಿಜಾಬ್‌ಗಳ ಸಂಗ್ರಹವನ್ನು ಮಾರುಕಟ್ಟೆಗೆ ಬಿಟ್ಟಿತು. ಫ್ರಾನ್ಸಿನ ಫ್ಯಾಶನ್ ವೇದಿಕೆಯಲ್ಲಿ ಕಪ್ಪು ನಿಲುವಂಗಿ ಕಲೆಯೆನಿಸಿದರೆ, 2023ರಿಂದ ಅದೇ ದೇಶದ ಸರಕಾರಿ ಶಾಲೆಗಳಲ್ಲಿ ಅಬಾಯಾ ನಿಷಿದ್ಧ. ಆ ಇಬ್ಬಂದಿತನವನ್ನು ಎಷ್ಟು ಖಂಡಿಸಿದರೂ ಸಾಲದು. ಆದರೆ ಮಾರುಕಟ್ಟೆ ನಮ್ಮ ಮನೆಯೊಳಗೂ ಬಂದು ಕುಳಿತಿದೆಯಲ್ಲ! ಕಲ್ಲು ಕೂರಿಸಿದ ಬುರ್ಖಾ, ಈದ್‌ಗೊಂದು, ಮದುವೆಗೊಂದು, ಈ ವರ್ಷದ ತೋಳು ಮುಂದಿನ ವರ್ಷಕ್ಕೆ ಹಳತು.

ಅಂದವನ್ನು ಇಸ್ಲಾಮ್ ನಿಷೇಧಿಸಿಲ್ಲ. ಉಡುಪು ಮಾನವನ್ನು ಮುಚ್ಚಲು ಮತ್ತು ಅಲಂಕಾರಕ್ಕೆಂದು ತಿಳಿಸಿದ ಪವಿತ್ರ ಕುರ್‌ಆನ್, ಅದರ ಜೊತೆಯಲ್ಲೇ ತಕ್ವಾದ ಉಡುಪನ್ನು ಅತ್ಯುತ್ತಮವೆಂದು ಕರೆದಿದೆ (7:26). ಜನರ ಕಣ್ಸೆಳೆಯುವ ಖ್ಯಾತಿಗಾಗಿ ಉಡುವ ಬಟ್ಟೆಯ ಬಗ್ಗೆ ಪ್ರವಾದಿವರ್ಯರು(ಸ) ಕಠಿಣ ಎಚ್ಚರಿಕೆ ನೀಡಿದ್ದಾರೆ. ಆ ಎಚ್ಚರಿಕೆ ಬುರುಡೆಯ ಟೀ ಶರ್ಟಿಗೆ ಅನ್ವಯಿಸುವುದಾದರೆ ಕಲ್ಲು ಮಿನುಗುವ ಬುರ್ಖಾಕ್ಕೂ ಅನ್ವಯಿಸುತ್ತದೆ. ಅದನ್ನು ಖರೀದಿಸಲಾಗದ ತೋಟದ ಕೂಲಿಯ ಮಗಳು, ತನ್ನ ಹಳೆಯ ಬುರ್ಖಾದ ಅಂಚು ಮಾಸಿದೆಯೆಂದು ನಾಚಿ, ಗೆಳತಿಯ ನಿಕಾಹ್‌ಗೆ ಹೋಗದೆ ಮನೆಯಲ್ಲುಳಿಯುತ್ತಾಳೆ. ಅವಳ ಪರವಾಗಿ ಗದರುವ ಹಿರಿಯರನ್ನು ನಾನಿನ್ನೂ ಕಂಡಿಲ್ಲ.