ಗಾಯಾಳುವನ್ನು ಹೊತ್ತು ತರುವವರು ಯಾರು?

‘ವಾರ್‌ಫೇರ್’ ಎಂಬ ಚಲನಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2025ರ ಏಪ್ರಿಲ್ 11ರಂದು. ನಾನು ಅದನ್ನು ನೋಡಿದ್ದು ಅದರ ಮರುವಾರ, ನ್ಯೂ ಜೆರ್ಸಿಯ ಎಡಿಸನ್ ಸಮೀಪದ ಒಂದು ಚಿತ್ರಮಂದಿರದಲ್ಲಿ. ಅಲೆಕ್ಸ್ ಗಾರ್ಲೆಂಡ್ ಮತ್ತು ರೇ ಮೆಂಡೋಝಾ ಜೊತೆಯಾಗಿ ಬರೆದು ನಿರ್ದೇಶಿಸಿದ ಚಿತ್ರವಿದು. ಮೆಂಡೋಝಾ ಅಮೆರಿಕದ ನೌಕಾದಳದ ಸೀಲ್ ಪಡೆಯಲ್ಲಿ ಸೇವೆ ಸಲ್ಲಿಸಿದವರು. 2006ರ ನವೆಂಬರ್ 19ರಂದು ಇರಾಕಿನ ರಮಾದಿ ನಗರದ ಒಂದು ಮನೆಯಲ್ಲಿ ತಮಗೂ ತಮ್ಮ ಸಂಗಡಿಗರಿಗೂ ಒದಗಿದ ಪರಿಸ್ಥಿತಿಯನ್ನು, ಎಲ್ಲರ ನೆನಪುಗಳನ್ನು ಕಲೆಹಾಕಿ, ಸುಮಾರು ಒಂದೂವರೆ ಗಂಟೆಯ ಚಿತ್ರವಾಗಿಸಿದ್ದಾರೆ. ಆರಂಭದ ಒಂದು ಹಾಡನ್ನು ಬಿಟ್ಟರೆ ಭಾವವನ್ನು ಉಕ್ಕಿಸುವ ಸಂಗೀತವಿಲ್ಲ. ವೀರಾವೇಶದ ಮಾತಿಲ್ಲ. ಶತ್ರುವಿನ ಮುಖವೂ ಸರಿಯಾಗಿ ಕಾಣುವುದಿಲ್ಲ. ಕಾಯುವುದು, ಗುಂಡಿನ ಸದ್ದು, ಒಂದು ಸ್ಫೋಟ, ಅನಂತರ ಇಬ್ಬರು ಗಾಯಾಳುಗಳನ್ನು ಆ ಮನೆಯಿಂದ ಹೊರಗೆ ಸಾಗಿಸುವ ಪ್ರಯತ್ನ. ಚಿತ್ರದ ಕಥೆ ಇಷ್ಟೇ.

ಚಿತ್ರ ನೋಡಿದ ಕೆಲವೇ ದಿನಗಳಲ್ಲಿ, ಏಪ್ರಿಲ್ 22ರಂದು, ಪಹಲ್ಗಾಮಿನಲ್ಲಿ 26 ಮಂದಿಯ ಹತ್ಯೆಯಾಯಿತು. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಮೇ 7ರಂದು ‘ಆಪರೇಷನ್ ಸಿಂಧೂರ’ ಆರಂಭವಾಗಿ, ಮೇ 10ರಂದು ಕದನ ನಿಂತಿತು. ಆ ನಾಲ್ಕು ದಿನ ನ್ಯೂ ಜೆರ್ಸಿಯ ಕನ್ನಡ ಕುಟುಂಬಗಳ ವಾಟ್ಸಾಪ್ ಬಳಗಗಳಲ್ಲಿ ಹಗಲಿರುಳೆನ್ನದೆ ಕ್ಷಿಪಣಿಗಳು ಹಾರಿದವು. ಹಾಗೆ ಹರಿದಾಡಿದ ದೃಶ್ಯಗಳಲ್ಲಿ ಕೆಲವು ಯುದ್ಧದವೇ ಅಲ್ಲ, ಕಂಪ್ಯೂಟರ್ ಆಟಗಳಿಂದ ಎತ್ತಿಕೊಂಡವು ಎಂಬುದು ಆಮೇಲೆ ಬಯಲಾಯಿತು. ನೊಂದ ಜನರಿಗೆ ಕೋಪ ಬರುವುದು ಸಹಜ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ದೃಶ್ಯಗಳೆಲ್ಲ ಆಕಾಶದಿಂದ ತೆಗೆದವು. ಬೆಳಕು ಮಿಂಚುತ್ತದೆ, ಹೊಗೆ ಏಳುತ್ತದೆ, ಅಲ್ಲಿಗೆ ಮುಗಿಯುತ್ತದೆ. ‘ವಾರ್‌ಫೇರ್’ ಚಿತ್ರ ಆರಂಭವಾಗುವುದೇ ಆ ಹೊಗೆಯ ಕೆಳಗೆ, ನೆಲದ ಮೇಲೆ. ಅಲ್ಲಿ ಮನುಷ್ಯ ಬಿದ್ದಿರುತ್ತಾನೆ, ಮತ್ತು ಯಾರಾದರೂ ಬಂದು ಅವನನ್ನು ಎತ್ತಬೇಕಾಗಿರುತ್ತದೆ.

ವೈದ್ಯನಾದ ನನಗೆ ಚಿತ್ರದ ಈ ಭಾಗ ಅತ್ಯಂತ ನಿಜವೆನಿಸಿತು. ಕಾಲು ಛಿದ್ರವಾದವರು ಸಾಮಾನ್ಯವಾಗಿ ಸಿನಿಮಾಗಳಲ್ಲಿ ಎರಡು ಮಾತಾಡಿ ಕಣ್ಣು ಮುಚ್ಚುತ್ತಾರೆ. ಇಲ್ಲಿ ಅವರು ಕೂಗುತ್ತಲೇ ಇರುತ್ತಾರೆ. ಕಿವಿಗೆ ಬಡಿದ ಸ್ಫೋಟದಿಂದ ಸಂಗಡಿಗರಿಗೆ ಮಾತು ಕೇಳಿಸುವುದಿಲ್ಲ, ಆಜ್ಞೆ ಅರ್ಥವಾಗುವುದಿಲ್ಲ. ಮಾರ್ಫಿನ್ ಕೊಡಲು ಹೋದವನು ಗಾಬರಿಯಲ್ಲಿ ಸೂಜಿಯನ್ನು ತನ್ನ ಕೈಗೇ ಚುಚ್ಚಿಕೊಳ್ಳುತ್ತಾನೆ. ತುರ್ತು ಚಿಕಿತ್ಸಾ ಘಟಕದಲ್ಲಿ ಒಮ್ಮೆಯಾದರೂ ನಿಂತವರು ಇದನ್ನು ಉತ್ಪ್ರೇಕ್ಷೆ ಎನ್ನಲಾರರು.

ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟುವ ಟೂರ್ನಿಕೆಟ್ ಎಂಬ ಪಟ್ಟಿಯನ್ನೂ ಚಿತ್ರದಲ್ಲಿ ಕಾಣುತ್ತೇವೆ. ನಾವು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುವ ಕಾಲಕ್ಕೆ ಅದನ್ನು ಕೊನೆಯ ಉಪಾಯವೆಂದು ಕಲಿಸುತ್ತಿದ್ದರು, ಏಕೆಂದರೆ ಕಟ್ಟಿದ ಕೈಕಾಲು ರಕ್ತವಿಲ್ಲದೆ ಸತ್ತುಹೋಗಬಹುದು. ಆ ಪಾಠವನ್ನು ತಿದ್ದಿದ್ದು ಇರಾಕ್ ಯುದ್ಧ. ಚಿತ್ರದ ಘಟನೆ ನಡೆದ 2006ರಲ್ಲಿಯೇ ಬಾಗ್ದಾದಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯಿತು. ರಕ್ತಸ್ರಾವದಿಂದ ರೋಗಿ ಶಾಕ್ ಸ್ಥಿತಿಗೆ ಜಾರುವ ಮೊದಲೇ ಪಟ್ಟಿ ಕಟ್ಟಿದವರಲ್ಲಿ ಶೇ. 90ರಷ್ಟು ಮಂದಿ ಬದುಕಿದರು. ಜಾರಿದ ಮೇಲೆ ಕಟ್ಟಿದವರಲ್ಲಿ ಬದುಕಿದ್ದು ಶೇ. 10ರಷ್ಟು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರಲ್ಲಿ ಶೇ. 30ರಷ್ಟು ಜನ ಸತ್ತಿದ್ದರು. ವಿಯೆಟ್ನಾಮಿನಲ್ಲಿ ಆ ಪ್ರಮಾಣ ಶೇ. 24. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಅದು ಶೇ. 10ಕ್ಕೆ ಇಳಿಯಿತು.

ಈ ಇಳಿಕೆಗೆ ಕಾರಣ ಒಂದು ಪಟ್ಟಿಯಲ್ಲ, ಒಂದು ಸರಪಳಿ. ಪಕ್ಕದಲ್ಲಿದ್ದ ಸಂಗಡಿಗನ ಕೈ, ಅವನ ರೇಡಿಯೋ, ಕರೆಗೆ ಓಗೊಟ್ಟು ಬರುವ ಕವಚವಾಹನ, ಶಸ್ತ್ರಚಿಕಿತ್ಸೆಯ ಡೇರೆ, ಜರ್ಮನಿಯ ಸೇನಾ ಆಸ್ಪತ್ರೆ, ಕೊನೆಗೆ ಸ್ವದೇಶದ ಆಸ್ಪತ್ರೆ. 2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಅಫ್ಘಾನಿಸ್ತಾನದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕನನ್ನು 60 ನಿಮಿಷಗಳೊಳಗೆ ಚಿಕಿತ್ಸೆಗೆ ತಲುಪಿಸಬೇಕೆಂದು ಆದೇಶಿಸಿದರು. ಸರಪಳಿ ಅಲ್ಲಿಗೂ ಮುಗಿಯುವುದಿಲ್ಲ. ನಮ್ಮ ನ್ಯೂ ಜೆರ್ಸಿಯ ಈಸ್ಟ್ ಆರೆಂಜ್ ಮತ್ತು ಲಯನ್ಸ್‌ನಲ್ಲಿರುವ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ಕೃತಕ ಕಾಲು, ಮಿದುಳಿನ ಪೆಟ್ಟು, ನಿದ್ದೆ ಬಾರದ ರಾತ್ರಿ ಇವೆಲ್ಲಕ್ಕೂ ದಶಕಗಳ ಕಾಲ ಚಿಕಿತ್ಸೆ ನಡೆಯುತ್ತದೆ. ‘ವಾರ್‌ಫೇರ್’ ಚಿತ್ರವನ್ನು ಅರ್ಪಿಸಿರುವ ಎಲಿಯಟ್ ಮಿಲ್ಲರ್ ಆ ದಿನ ಕಾಲನ್ನೂ ಮಾತನ್ನೂ ಕಳೆದುಕೊಂಡು ಬದುಕುಳಿದವರು. ಆ ದಿನದ ನೆನಪೇ ಅವರಿಗಿಲ್ಲ. ಅವರಿಗೆ ಅದನ್ನು ತೋರಿಸಲೆಂದೇ ಈ ಚಿತ್ರ ಮಾಡಿದೆನೆಂದು ಮೆಂಡೋಝಾ ಹೇಳಿದ್ದಾರೆ. ಸಂಗಡಿಗನನ್ನು ಹೊತ್ತು ತಂದವರು ಹತ್ತೊಂಬತ್ತು ವರ್ಷಗಳಾದ ಮೇಲೂ ಹೊರುತ್ತಲೇ ಇದ್ದಾರೆ.

ಆದರೆ ಚಿತ್ರ ನೋಡುತ್ತಿದ್ದಾಗ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಆ ಸರಪಳಿಗೆ ಸೇರದವರ ಕಡೆಗೆ. ಅಮೆರಿಕನ್ನರೊಂದಿಗೆ ಇಬ್ಬರು ಇರಾಕಿ ಸಹಾಯಕರಿದ್ದಾರೆ. ಬಾಗಿಲು ದಾಟಿ ಬೀದಿಗಿಳಿಯುವ ಅಪಾಯದ ಗಳಿಗೆಯಲ್ಲಿ ಮೊದಲು ಹೊರಡಬೇಕೆಂಬ ಆಜ್ಞೆಯಾಗುವುದು ಅವರಿಗೆ. ಅವರು ಹಿಂಜರಿಯುತ್ತಾರೆ, ಆದರೆ ಹೊರಡುತ್ತಾರೆ. ಹುದುಗಿಸಿಟ್ಟ ಬಾಂಬು ಸಿಡಿದಾಗ ಅವರಲ್ಲೊಬ್ಬನ ದೇಹ ಬೀದಿಯಲ್ಲಿ ಚೂರಾಗುತ್ತದೆ. ಹೊಗೆಯಲ್ಲಿ ಸಂಗಡಿಗರು ಹುಡುಕುವುದು ತಮ್ಮವರನ್ನು. ಇನ್ನು, ಅದು ಯಾರ ಮನೆಯೋ ಆ ಕುಟುಂಬ ಇಡೀ ಹೊತ್ತು ಒಂದು ಕೋಣೆಯಲ್ಲಿ ಕೂಡಿಹಾಕಲ್ಪಟ್ಟಿರುತ್ತದೆ. ಸೈನಿಕರು ಹೊರಟುನಿಂತಾಗ ಆ ಮನೆಯ ತಾಯಿ, ಏಕೆ ಹೀಗೆ ಮಾಡಿದಿರಿ ಎಂದು ಕೂಗಿ ಕೇಳುತ್ತಾಳೆ. ಉತ್ತರ ಕೊಡುವವರಿಲ್ಲ. ಚಿತ್ರ ಅಮೆರಿಕನ್ ಸೈನಿಕರ ನೆನಪಿನಿಂದ ಹುಟ್ಟಿದ್ದು. ಆದ್ದರಿಂದ ಅವಳ ಕಥೆ ಅದರಲ್ಲಿ ಅಷ್ಟೇ ಇದೆ. ಇದನ್ನು ಚಿತ್ರದ ದೋಷವೆನ್ನುವುದಕ್ಕಿಂತ ಪ್ರಾಮಾಣಿಕತೆ ಎನ್ನುವುದೇ ಸರಿ. ಯಾರಿಗೆ ಕವಚವಾಹನ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಅದು ಮುಚ್ಚಿಟ್ಟಿಲ್ಲ.

ಈ ಪ್ರಶ್ನೆ ನಮಗೆ ದೂರದ್ದೆಂದು ಊರಿನ ಓದುಗರು ಭಾವಿಸಬಾರದು. ಇತ್ತೀಚಿನ ವರ್ಷಗಳಲ್ಲಿ ಯುದ್ಧ ಎರಡು ಸಲ ನೇರವಾಗಿ ಕನ್ನಡದ ಮನೆಗಳ ಬಾಗಿಲಿಗೆ ಬಂದಿದೆ. ಎರಡು ಸಲವೂ ಬಲಿಯಾದವರು ಅಥವಾ ಸಿಕ್ಕಿಬಿದ್ದವರು ಸೈನಿಕರಾಗಲು ಹೋದವರಲ್ಲ.

ಮೊದಲನೆಯದು 2022ರ ಮಾರ್ಚ್ 1. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಯಾಗಿದ್ದರು. ನೆಲಮಾಳಿಗೆಯ ಆಶ್ರಯದಿಂದ ಹೊರಬಂದು ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದರು. ಪಿಯುಸಿಯಲ್ಲಿ ಶೇ. 97 ಅಂಕ ಪಡೆದರೂ ಸರ್ಕಾರಿ ಸೀಟು ದಕ್ಕಲಿಲ್ಲ, ಖಾಸಗಿ ಸೀಟಿನ ಹಣ ತಮ್ಮ ಶಕ್ತಿಗೆ ಮೀರಿದ್ದಾಗಿತ್ತು ಎಂದು ಅವರ ತಂದೆ ಹೇಳಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಮರುದಿನ ಭಾರತದ ರಾಯಭಾರ ಕಚೇರಿ, ಖಾರ್ಕಿವ್‌ನಲ್ಲಿ ಉಳಿದ ಭಾರತೀಯರು ಕಾಲ್ನಡಿಗೆಯಲ್ಲಾದರೂ ಸಂಜೆಯೊಳಗೆ ನಗರ ತೊರೆದು ಹೊರವಲಯದ ಮೂರು ಊರುಗಳಿಗೆ ತಲುಪಬೇಕೆಂದು ಸೂಚಿಸಿತು. ‘ಆಪರೇಷನ್ ಗಂಗಾ’ ಸುಮಾರು 22,500 ಮಂದಿಯನ್ನು ಮರಳಿ ತಂದಿತು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ವಿಮಾನಗಳು ಕಾದಿದ್ದು ನೆರೆಯ ದೇಶಗಳಲ್ಲಿ. ಗಡಿಯವರೆಗಿನ ದಾರಿಯನ್ನು ಮಕ್ಕಳು ಹೆಚ್ಚಾಗಿ ತಾವೇ ಕಂಡುಕೊಳ್ಳಬೇಕಾಯಿತು. ನವೀನ್ ಅವರ ಪಾರ್ಥಿವ ಶರೀರ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಊರಿನಲ್ಲಿ ಸೀಟು ಸಿಗದ ಹುಡುಗ ಕೊನೆಗೆ ಊರಿನ ಸಮೀಪದ ಕಾಲೇಜಿನಲ್ಲಿ ಇತರರಿಗೆ ಪಾಠವಾದ. ಅಂಗರಚನಾಶಾಸ್ತ್ರದ ಮೇಜಿನ ಮುಂದೆ ನಿಂತು ಕಲಿತ ನಮ್ಮಂಥವರಿಗೆ ಆ ಸುದ್ದಿಯನ್ನು ಓದಿ ಮುಗಿಸುವುದು ಸುಲಭವಾಗಿರಲಿಲ್ಲ.

ಎರಡನೆಯದು 2024ರದು. ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಭದ್ರತಾ ಸಿಬ್ಬಂದಿಯ, ಸಹಾಯಕರ ಕೆಲಸವಿದೆಯೆಂಬ ಮಾತನ್ನು ನಂಬಿ ಏಜೆಂಟರ ಮೂಲಕ ಹೋದರು. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿದ ಮೇಲೆ ತಾವು ಸೇರಿದ್ದು ಸೇನೆಗೆ ಎಂಬುದು ತಿಳಿಯಿತು. ಕಂದಕ ತೋಡುವುದು, ಮದ್ದುಗುಂಡು ಹೊರುವುದು ಅವರ ಕೆಲಸವಾಯಿತು. ಫೆಬ್ರವರಿಯಲ್ಲಿ ಅವರೊಂದಿಗಿದ್ದ ಸೂರತ್ತಿನ 23 ವರ್ಷದ ಯುವಕ ವೈಮಾನಿಕ ದಾಳಿಯಲ್ಲಿ ಸತ್ತ. ಮೊಬೈಲಿನಲ್ಲಿ ಚಿತ್ರಿಸಿ ಕಳುಹಿಸಿದ ಮೊರೆ, ಮನೆಯವರ ಅಲೆದಾಟ, ದೆಹಲಿ-ಮಾಸ್ಕೋ ನಡುವಿನ ಮಾತುಕತೆ ಇವೆಲ್ಲ ಆಗಿ ಕಲಬುರಗಿಯವರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾದ ಸೇನೆಗೆ ಸೇರಿದ ಭಾರತೀಯರ ಪ್ರಕರಣಗಳು 126. ಮರಳಿದವರು 96, ಸತ್ತವರು 12, ಪತ್ತೆಯಿಲ್ಲದವರು 16.

ರಮಾದಿಯ ಬೀದಿಗೆ ಮೊದಲು ಇಳಿದ ಆ ಇರಾಕಿ ಸಹಾಯಕನನ್ನು ನೋಡಿದಾಗ ನನಗೆ ನೆನಪಾದದ್ದು ಇವರು. ಸೇನೆಯೊಂದರಲ್ಲಿ ‘ಸಹಾಯಕ’ ಎಂಬ ಹೆಸರಿನ ಅರ್ಥ, ಅಪಾಯದಲ್ಲಿ ಮುಂದಿನ ಸಾಲು, ರಕ್ಷಣೆಯಲ್ಲಿ ಹಿಂದಿನ ಸಾಲು ಎಂದೇ ಆಗಿಬಿಡುತ್ತದೆ.

ರಮಾದಿಗೂ ಇಂದಿನ ಉಕ್ರೇನಿಗೂ ಇನ್ನೊಂದು ಅಂತರವಿದೆ. ಚಿತ್ರದಲ್ಲಿ ಆಕಾಶ ಅಮೆರಿಕನ್ನರದು. ಅವರು ಕೇಳಿದಾಗ ಯುದ್ಧವಿಮಾನ ಛಾವಣಿಗೆ ತಾಗುವಂತೆ ಹಾರಿ ಶತ್ರುವನ್ನು ಬೆದರಿಸುತ್ತದೆ. ಉಕ್ರೇನಿನಲ್ಲಿ ಆಕಾಶ ತುಂಬ ಅಗ್ಗದ ಡ್ರೋನುಗಳು. ಗಾಯಾಳುವನ್ನು ಎತ್ತಲು ಬಂದ ವಾಹನವನ್ನೂ ಅವು ಹುಡುಕಿ ಹೊಡೆಯುತ್ತವೆ. ಟೂರ್ನಿಕೆಟ್ ಎರಡು ಗಂಟೆ ದಾಟಿದರೆ ಅಂಗಕ್ಕೆ ಅಪಾಯ, ಆರು ಗಂಟೆ ದಾಟಿದರೆ ಅಂಗ ಉಳಿಯುವುದು ಕಷ್ಟ. ಅಲ್ಲಿ ಕತ್ತಲಾಗುವವರೆಗೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಸ್ವಂತ ದೇಶಕ್ಕಾಗಿ ಹೋರಾಡುವ ಸೈನಿಕನಿಗೇ ಈ ಗತಿಯಾದರೆ, ಭಾಷೆ ಬಾರದ ಹೊರನಾಡಿಗನಿಗಾಗಿ ಕಂದಕದಿಂದ ತಲೆ ಎತ್ತುವವರಾರು?

ವಿದೇಶಕ್ಕೆ ಹೊರಡುವ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಹೇಳಬೇಕಾದದ್ದು ಇದರಿಂದಲೇ ಹೊರಡುತ್ತದೆ. ಸಂಬಳ ಎಷ್ಟು, ವೀಸಾ ಎಂದು ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಕೇಳಿರಿ: ಅಲ್ಲಿ ನಾನು ಬಿದ್ದರೆ ನನ್ನನ್ನು ಎತ್ತುವ ಹೊಣೆ ಯಾರದು? ಒಪ್ಪಂದ ನಿಮಗೆ ಓದಲು ಬರುವ ಭಾಷೆಯಲ್ಲಿರಲಿ. ಕೆಲಸಕ್ಕೆ ಕಳುಹಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದ ನೋಂದಣಿ ಪಡೆದಿದ್ದಾನೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತೆರಿಗೆಯ ಹೊರತು 30,000 ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಲಕ್ಷಗಳ ಮಾತು ಬಂದ ಕೂಡಲೇ ಎದ್ದು ಬನ್ನಿ. ಯುದ್ಧ ನಡೆಯುತ್ತಿರುವ ದೇಶದಲ್ಲಿ ‘ಯುದ್ಧಕ್ಕೆ ಸಂಬಂಧವಿಲ್ಲದ ಕೆಲಸ’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಪ್ರವಾಸಿ ವೀಸಾದಲ್ಲಿ ಕರೆದೊಯ್ದು ಅಲ್ಲಿ ಕೆಲಸ ಕೊಡಿಸುತ್ತೇವೆ ಎಂಬವರು ಮೊದಲ ದಿನವೇ ನಿಮ್ಮನ್ನು ಕಾನೂನಿನ ಆಸರೆಯ ಹೊರಗೆ ನಿಲ್ಲಿಸುತ್ತಾರೆ.

ಅಮೆರಿಕಕ್ಕೆ ಬರುವವರಿಗೂ ಒಂದು ಮಾತಿದೆ. ಇಲ್ಲಿ ನೆಲೆಸುವ ಹಕ್ಕು ದೊರೆತ, ಅಂದರೆ ಗ್ರೀನ್ ಕಾರ್ಡ್ ಪಡೆದ, 18ರಿಂದ 25 ವರ್ಷದ ಗಂಡುಮಕ್ಕಳು ಪೌರರಂತೆಯೇ ‘ಸೆಲೆಕ್ಟಿವ್ ಸರ್ವಿಸ್’ ಎಂಬ ಸೇನಾ ಪಟ್ಟಿಯಲ್ಲಿ ಹೆಸರು ನೋಂದಾಯಿಸಲೇಬೇಕು. ವಿದ್ಯಾರ್ಥಿ ವೀಸಾ ಅಥವಾ ಎಚ್-1ಬಿ ವೀಸಾದಲ್ಲಿ ಇರುವವರಿಗೆ ಈ ನಿಯಮವಿಲ್ಲ. ಕಡ್ಡಾಯ ಸೇನಾ ಭರ್ತಿ 1973ರಲ್ಲಿಯೇ ನಿಂತಿದೆ, ಆದ್ದರಿಂದ ಹೆದರುವ ಕಾರಣವಿಲ್ಲ. ಆದರೆ ನೋಂದಾಯಿಸದಿದ್ದರೆ ಮುಂದೆ ಪೌರತ್ವಕ್ಕೆ ತೊಡಕಾಗಬಹುದು. ನನ್ನ ಮಗನಿಗೆ ಹದಿನೆಂಟು ತುಂಬಿದಾಗ ಆ ಕಾಗದವನ್ನು ನೋಡಿ ಊರಿನಲ್ಲಿದ್ದ ಅವನ ಅಜ್ಜಿ ದೂರವಾಣಿಯಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ದೇಶವೊಂದು ನಿಮ್ಮನ್ನು ಎತ್ತುವ ಹೊಣೆ ಹೊತ್ತರೆ, ಅದು ನಿಮ್ಮ ಮಗನನ್ನು ಕೇಳುವ ಹಕ್ಕನ್ನೂ ಇಟ್ಟುಕೊಳ್ಳುತ್ತದೆ. ವಲಸೆಯ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

‘ವಾರ್‌ಫೇರ್’ ಮಕ್ಕಳೊಂದಿಗೆ ನೋಡುವ ಚಿತ್ರವಲ್ಲ. ಹೃದಯ ದುರ್ಬಲವಾದವರಿಗೂ ಹೇಳಿದ್ದಲ್ಲ. ಆದರೂ ಯುದ್ಧದ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡುವ ಹಿರಿಯರು ಇದನ್ನು ಒಮ್ಮೆ ನೋಡಲಿ ಎಂದು ನಾನು ಬಯಸುತ್ತೇನೆ. ನೋಡುವಾಗ ಗಾಯಾಳುಗಳ ಕೂಗು ಸಹಿಸಲಾಗದೆ ಕಣ್ಣು ಮುಚ್ಚಿಕೊಂಡರೂ ಚಿಂತೆಯಿಲ್ಲ. ಬೀದಿಗೆ ಮೊದಲು ಇಳಿಯುವವರು ಯಾರು ಎಂಬುದನ್ನು ಮಾತ್ರ ಕಣ್ಣು ತೆರೆದು ನೋಡಿರಿ.