ಒಂದು ತಾಸಿನ ದಾರಿ



"ಅಮ್ಮಾ, ಪುಣೆಯಿಂದ ಹುಬ್ಬಳ್ಳಿಗೆ ಬರೀ 380 ಕಿಲೋಮೀಟರ್. ವಿಮಾನದಲ್ಲಿ ಒಂದು ತಾಸು!" ಎಂದ ನನ್ನ ಮಗ, ಮೊಬೈಲು ನೋಡುತ್ತ. ಧಾರವಾಡದಲ್ಲಿರುವ ನಮ್ಮ ಅವ್ವನಿಗೆ ಹುಷಾರಿಲ್ಲವೆಂದು ಆಗಷ್ಟೇ ಫೋನು ಬಂದಿತ್ತು.

ಅವನು ಹೇಳಿದ್ದು ಸುಳ್ಳಲ್ಲ. ಲೋಹಗಾಂವದ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 380 ಕಿ.ಮೀ. ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಮೇಲೆ ಹೋಗುವ ರಸ್ತೆ ಸುಮಾರು 430. ತಾಸಿಗೆ 500 ಕಿ.ಮೀ. ಹಾರುವ ಪಂಖದ ವಿಮಾನಕ್ಕೆ ಇದು ಮುಕ್ಕಾಲು ತಾಸಿನ ದಾರಿ. ಆದರೆ ಟಿಕೀಟಿನ ಮೇಲಿನ ಸಮಯದಲ್ಲಿ ವಿಮಾನ ನಿಂತ ಜಾಗ ಬಿಟ್ಟು ರನ್‌ವೇಗೆ ಹೋಗುವುದು, ಮೇಲೇರುವುದು, ಇಳಿದು ಮತ್ತೆ ನಿಲ್ಲುವುದು ಎಲ್ಲವೂ ಸೇರಿರುತ್ತದೆ. ಜೆಟ್ ವಿಮಾನ ಇನ್ನೂ ವೇಗದ್ದು, ನಿಜ. ಆದರೆ ಇಷ್ಟು ಸಣ್ಣ ದಾರಿಯಲ್ಲಿ ಅದು ಏರಿ ಮುಗಿಸುವಷ್ಟರಲ್ಲಿ ಇಳಿಯಲು ಶುರುಮಾಡಬೇಕು. ಹಾಗಾಗಿ ಉಳಿಯುವುದು ಕೆಲವೇ ನಿಮಿಷ.

ಇನ್ನು ಮನೆಯ ಲೆಕ್ಕ. ನಿಲ್ದಾಣ ಮುಟ್ಟಲು ಒಂದು ತಾಸು, ಅಲ್ಲಿ ಕಾಯುವುದು ಎರಡು, ಹಾರಾಟ ಒಂದು, ಸಾಮಾನು ಪಡೆದು ಹೊರಬರಲು ಅರ್ಧ, ಅಲ್ಲಿಂದ ಧಾರವಾಡಕ್ಕೆ ಮುಕ್ಕಾಲು. ಒಟ್ಟು ಐದು ತಾಸಿನ ಮೇಲಾಯಿತು. ರಾತ್ರಿ ಬಸ್ಸಿಗೆ ಎಂಟೊಂಬತ್ತು ತಾಸು.

ಅಷ್ಟಾದರೂ ವಿಮಾನವೇ ಬೇಗ, ಅದು ನೇರವಾಗಿ ಹೋಗುವುದಾದರೆ. ಮರುದಿನ ನೇರ ವಿಮಾನ ಇರಲಿಲ್ಲ. ಮಗ ಬೆಂಗಳೂರಿನ ಮೇಲೆ ಟಿಕೀಟು ತೆಗೆದ. ಪುಣೆ–ಬೆಂಗಳೂರು ಸುಮಾರು 720 ಕಿ.ಮೀ., ಬೆಂಗಳೂರು–ಹುಬ್ಬಳ್ಳಿ ಸುಮಾರು 370. 380 ಇದ್ದದ್ದು 1,090 ಆಯಿತು!

ನಾನು ಅದೇ ರಾತ್ರಿ ಬಸ್ಸು ಹತ್ತಿದೆ. ಬೆಳಗಾಗುವಷ್ಟರಲ್ಲಿ ಅವ್ವನ ಹತ್ತಿರ ಇದ್ದೆ, ಕೈಯಾರೆ ಗಂಜಿ ಕುಡಿಸಿದೆ. "ಹುಡುಗ ಎಲ್ಲಿದ್ದಾನ? ಇನ್ನೂ ಬರಲಿಲ್ಲೇನ?" ಎಂದು ಮಧ್ಯಾಹ್ನದವರೆಗೂ ಕೇಳುತ್ತಲೇ ಇದ್ದಳು. ಮಗನ ಮೊದಲ ವಿಮಾನ ತಡವಾಗಿ, ಎರಡನೆಯದು ತಪ್ಪಿಹೋಗಿತ್ತು. ಅವನು ಬಂದಾಗ ದೀಪ ಹಚ್ಚುವ ಹೊತ್ತು. ಅಷ್ಟರಲ್ಲಿ ಅವ್ವನ ಮಾತು ನಿಂತಿತ್ತು. ಮೊಮ್ಮಗನ ಕೈ ಮಾತ್ರ ಬಿಡಲಿಲ್ಲ. ಮೂರನೆಯ ದಿನ ಹೋದಳು.

ಮಗನನ್ನು ನಾನು ಬೈಯಲಿಲ್ಲ. ಬೇಗ ಬರಬೇಕೆಂದೇ ಅವನು ಹಾಗೆ ಮಾಡಿದ್ದು.

ನಿಮಗೆ ಹೇಳುವುದು ಇಷ್ಟೇ. ಸಣ್ಣ ನಿಲ್ದಾಣಗಳ ವಿಮಾನಗಳು ಇಂದು ಇರುತ್ತವೆ, ನಾಳೆ ನಿಲ್ಲುತ್ತವೆ. ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ವೇಳಾಪಟ್ಟಿಯೇ ಬದಲಾಗುತ್ತದೆ. ನಿಮ್ಮ ಊರಿಗೆ ಯಾವ ವಾರ ನೇರ ವಿಮಾನವಿದೆ, ಕೊನೆಯ ಬಸ್ಸು ಎಷ್ಟಕ್ಕೆ, ರಾತ್ರಿ ರೈಲು ಯಾವುದು ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಹಾರಾಟದ ಸಮಯ ನೋಡಬೇಡಿ, ನಿಮ್ಮ ಮನೆಯ ಬಾಗಿಲಿನಿಂದ ಅಜ್ಜಿಯ ಮನೆಯ ಬಾಗಿಲಿನವರೆಗೆ ಲೆಕ್ಕ ಹಾಕಿ.

ಆ ಲೆಕ್ಕ ಸರಿಯೋ ತಪ್ಪೋ ತಿಳಿಯಲು ಫೋನು ಬರುವವರೆಗೆ ಕಾಯಬೇಡಿ. ಈ ರಜೆಯಲ್ಲೇ ಒಮ್ಮೆ ಹೋಗಿ ಬನ್ನಿ.